ಕಡಿಮೆ ಬಿದ್ದ ಉಪ್ಪು

ನನ್ನ ತಂಗಿಯ ಗಂಡನ ಸಮಾಧಿಯ ಸುತ್ತ ಮರೆ ಹಿಡಿದ ಬಟ್ಟೆ ಹಸಿರು ಬಣ್ಣದ್ದು ಎಂದು ನನ್ನ ನೆನಪು. ತಂಗಿ ಅಲ್ಲ ಅನ್ನುತ್ತಾಳೆ. ಮನೆಯ ಧೋತರಗಳನ್ನೇ ಹಿಡಿದಿದ್ದರು, ಅವು ಬಿಳಿ, ಅದರಲ್ಲೊಂದನ್ನು ತಾನೇ ಒಗೆದು ಇಟ್ಟಿದ್ದೆ ಎನ್ನುತ್ತಾಳೆ. ಆಕೆ ಮರೆಯ ಹೊರಗಿದ್ದಳು, ನಾನು ಒಳಗಿದ್ದೆ. ಒಳಗಿದ್ದವನಿಗೆ ಬಟ್ಟೆಯ ಬಣ್ಣವೇ ನೆಟ್ಟಗೆ ನೆನಪಿಲ್ಲ ಎಂದಮೇಲೆ ಒಳಗೆ ಕಂಡದ್ದರ ಬಗ್ಗೆ ಅವನ ಮಾತಿಗೆ ಬೆಲೆ ಎಷ್ಟು? ನಾನು ಉದಗೀರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅದಕ್ಕೂ ಮೊದಲು ಲಾತೂರಿನಲ್ಲಿದ್ದೆ, ಅದಕ್ಕೂ ಮೊದಲು ನಾಂದೇಡದಲ್ಲಿ. ಒಂದು ಕಡೆ ನೆಲೆಯಾಗಿ ಕುಳಿತವನಲ್ಲ. ಒಬ್ಬನೇ ಸಾಕ್ಷಿ ಇದ್ದರೆ ನಂಬಬೇಡಿ, ಆ ಸಾಕ್ಷಿ ನೀವೇ ಆಗಿದ್ದರೆ ಇನ್ನೂ ನಂಬಬೇಡಿ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ.

ಈ ವರ್ಷ ಜನವರಿಯಲ್ಲಿ ನಿಲಂಗಾದ ಶಾಲೆಯೊಂದರ ಹೆಡ್‌ಮಾಸ್ತರರು ನನಗೆ ಫೋನು ಮಾಡಿದರು. ಅದು ನನ್ನ ತಂಗಿಯ ಮಗಳು ಐದನೆಯ ತರಗತಿ ಓದುವ ಶಾಲೆ. ಗಂಡ ತೀರಿಕೊಂಡ ಮೇಲೆ ತಂಗಿ ಮಗಳ ಓದಿಗೆಂದು ನಿಲಂಗಾದಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ಆಕೆಯ ಅತ್ತೆ ಮುರುಮದ ಹತ್ತಿರದ ಹಳ್ಳಿಯಲ್ಲಿ, ಮಗನ ಸಮಾಧಿಯ ಬಳಿಯೇ ಉಳಿದಿದ್ದಾಳೆ.

"ಸರ, ಮುಲಾಂನಾ ಯುದ್ಧಾಚೀ ಖರೀ ಕಿಂಮತ್ ಕಳಲೀ ಪಾಹಿಜೆ," ಅಂದರು ಹೆಡ್‌ಮಾಸ್ತರರು. ಮಕ್ಕಳಿಗೆ ಯುದ್ಧದ ನಿಜವಾದ ಬೆಲೆ ತಿಳಿಯಬೇಕು, ನೀವು ಓದಿದವರು, ಮೇಲಾಗಿ ವೀರನ ಮನೆಯವರು, ಬಂದು ನಾಲ್ಕು ಮಾತು ಹೇಳಿ ಎಂದು. ವೀರಪತ್ನಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ, ವೀರನ ವಸ್ತುಗಳನ್ನು ಮೇಜಿನ ಮೇಲೆ ಇಡುತ್ತೇವೆ ಎಂದರು. ವೀರಪತ್ನಿ ಎಂದರೆ ನನ್ನ ತಂಗಿ. ಆ ಶಾಲೆಯಲ್ಲಿ ಆಕೆಗೆ ಬೇರೆ ಹೆಸರಿಲ್ಲ.

ನಾನು ಒಪ್ಪಿಕೊಂಡೆ. ಮಕ್ಕಳಿಗೆ ಯುದ್ಧ ಅರ್ಥ ಮಾಡಿಸಬಹುದೆಂಬ ನಂಬಿಕೆ ನನಗೆ ಇರಲಿಲ್ಲ. ಆದರೂ ಆ ವೇದಿಕೆಯ ಮೇಲೆ ನಿಂತು ಬೇರೆ ಯಾರೋ ಬೊಗಳುವುದಕ್ಕಿಂತ ನಾನೇ ಮಾತಾಡುವುದು ವಾಸಿ ಅನ್ನಿಸಿತು.

ಅಂದಿನದನ್ನು ಮೊದಲು ಹೇಳಬೇಕು.

ನಮ್ಮದು ಅಯ್ಯನವರ ಮನೆತನ. ಮದುವೆ, ಗೃಹಪ್ರವೇಶ, ಸಾವು ಎಲ್ಲಕ್ಕೂ ಸುತ್ತಲ ಹಳ್ಳಿಗಳ ಶೈವ ಮನೆಗಳವರು ನಮ್ಮ ದೊಡ್ಡಪ್ಪನನ್ನು ಕರೆಯುತ್ತಾರೆ. ತಂಗಿಯನ್ನು ಕೊಟ್ಟದ್ದೂ ಅಂಥದೇ ಮನೆಗೆ. ಆ ಮನೆಯ ಹುಡುಗ ಸೈನ್ಯಕ್ಕೆ ಸೇರಿದಾಗ ಊರೆಲ್ಲ ನಕ್ಕಿತ್ತು, ಬಿಲ್ವಪತ್ರಿ ಹರಿಯೋ ಕೈಯಾಗ ಬಂದೂಕ ಹ್ಯಾಂಗ ನಿಲ್ತದ ಎಂದು. ಆತ ಗಡಿಯಲ್ಲಿ ಸತ್ತ. ಆಚೆಯಿಂದ ಬಂದ ಶೆಲ್ಲು ಬಿತ್ತು. ಯುದ್ಧ ಎಂದು ಯಾವ ಸರಕಾರವೂ ಹೇಳಿರಲಿಲ್ಲ, ಟೀವಿಯವರು ಮಾತ್ರ ಹೇಳಿದ್ದರು.

ಹೆಣ ಬರುವ ಮೊದಲೇ ದೊಡ್ಡಪ್ಪ ಜಳಕೋಟದ ಕಡೆಯಿಂದ ಬಂದು ಹೊಲದಲ್ಲಿ ಗುಂಡಿ ತೋಡಿಸಿದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕಾಲು ಮಡಚಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಕೂರಿಸುತ್ತೇವೆ. ಸುತ್ತ ಉಪ್ಪು, ವಿಭೂತಿ ತುಂಬುತ್ತೇವೆ. ಗುಂಡಿಯ ಅಳತೆಯನ್ನು ಸತ್ತವನ ಪಾದದಿಂದಲೇ ತೆಗೆಯಬೇಕು. ಅವನ ಪಾದಕ್ಕೆ ಇಷ್ಟು ಅಗಲ, ಇಷ್ಟು ಆಳ ಎಂದು ಲೆಕ್ಕ. ಪಾದ ಇನ್ನೂ ದಾರಿಯಲ್ಲಿತ್ತು. ಹೀಗಾಗಿ ದೊಡ್ಡಪ್ಪ ಹುಡುಗಿಯನ್ನು ಕರೆದ. ಆಗ ಆಕೆ ಎರಡನೆಯ ತರಗತಿ.

"ಯವ್ವಾ, ನಿಮ್ಮಪ್ಪನ ಚಪ್ಪಲ ತಗೊಂಡು ಬಾ."

ರಜೆಯ ಮೇಲೆ ಬಂದಾಗ ಮಾತ್ರ ಆತ ಮೆಟ್ಟುತ್ತಿದ್ದ ಚಪ್ಪಲಿ ಬಾಗಿಲ ಹಿಂದೆ ಇದ್ದವು. ಹುಡುಗಿ ಎರಡನ್ನೂ ಎದೆಗೆ ಅವುಚಿಕೊಂಡು ಓಡಿ ಬಂದಳು. ದೊಡ್ಡಪ್ಪ ಒಂದನ್ನು ತೆಗೆದುಕೊಂಡು ಮಣ್ಣಿನ ಮೇಲೆ ಹಿಮ್ಮಡಿ ಮುಂಗಾಲು ಕೂಡಿಸುತ್ತ ಅಳೆದ. ಆ ಅಳತೆಗೆ ಉಪ್ಪು ಎಷ್ಟು ಬೇಕೆಂದೂ ಹೇಳಿ ತರಿಸಿಟ್ಟ. ಉಪ್ಪಿನ ಅಂದಾಜಿನಲ್ಲಿ ಆತ ಎಂದೂ ತಪ್ಪಿದವನಲ್ಲ ಎಂಬುದು ನಮ್ಮ ಮನೆಯ ಹೆಮ್ಮೆ. ಮದುವೆ ಮನೆಯಲ್ಲಿ ಅಡುಗೆಯವನು ಹೇಳುವ ಹಾಗೆ ಹೇಳುತ್ತಾನೆ.

ಊರಿನ ಶಾಲೆಯ ಮಕ್ಕಳನ್ನು ಬೆಳಗಿನಿಂದ ರಸ್ತೆಯ ಎರಡೂ ಕಡೆ ಕಾಗದದ ಬಾವುಟ ಕೊಟ್ಟು ನಿಲ್ಲಿಸಿದ್ದರು. ಬಿಸಿಲಿಗೆ ಇಬ್ಬರೋ ಮೂವರೋ ಬಿದ್ದರು. ಅವರಿಗೆ ಬಿಸ್ಕೀಟು ಕೊಟ್ಟರು, ಅದನ್ನು ನೋಡಿ ಇನ್ನೊಂದಿಷ್ಟು ಮಕ್ಕಳು ಬಿದ್ದರು. ಮಧ್ಯಾಹ್ನದ ಹೊತ್ತಿಗೆ ಗಾಡಿ ಬಂತು. ಪೆಟ್ಟಿಗೆ ಇಳಿಸಿದಾಗ ನಮಗೆಲ್ಲ ಒಮ್ಮೆಲೇ ಹೊಳೆಯಿತು. ಪೆಟ್ಟಿಗೆ ಮಲಗಿದ ಮನುಷ್ಯನ ಉದ್ದಕ್ಕಿತ್ತು, ಗುಂಡಿ ಕುಳಿತ ಮನುಷ್ಯನದು. ಸೈನ್ಯದಲ್ಲಿ ಸತ್ತವನು ಮಲಗಿಯೇ ಬರುತ್ತಾನೆ ಎಂದು ಆ ಊರಿನ ಒಬ್ಬರಿಗೂ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ.

ಜೊತೆಗೆ ಬಂದಿದ್ದ ಹವಾಲ್ದಾರ ದೊಡ್ಡಪ್ಪನ ಕಿವಿಯಲ್ಲಿ ಹೇಳಿದ: "ಬಾಬಾಜಿ, ಖೋಲ್ನಾ ಮನಾ ಹೈ." ತೆರೆಯುವ ಹಾಗಿಲ್ಲ.

"ಮತ್ತ ಅಗಲ ತೋಡೂಣು," ಅಂದ ಯಾರೋ.

ಸತ್ತವನ ತಾಯಿ, ಅಂದರೆ ಹುಡುಗಿ ಆಯಿ ಎಂದು ಕರೆಯುವ ಅಜ್ಜಿ, ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು. "ನನ್ನ ಮಗ ಸತ್ತ ಕೋಳಿ ಬಿದ್ದಂಗ ಮಲಗಾಂವಲ್ಲ. ಅವರಪ್ಪ ಕುಂತಾನ, ಅವರ ಮುತ್ಯಾ ಕುಂತಾನ. ಅಂವಾನೂ ಕೂಡತಾನ. ಕೂಡಿಸೋದಿಲ್ಲಂದ್ರ ನನ್ನ ಮ್ಯಾಲ ಮಣ್ಣ ಹಾಕ್ರಿ."

ಟೀವಿಯ ಹುಡುಗನೊಬ್ಬ ಅಷ್ಟರಲ್ಲಿ ಹುಡುಗಿಯ ಬಾಯಿಗೆ ಮೈಕು ಹಿಡಿದು ನಿನಗೆ ಏನನ್ನಿಸುತ್ತಿದೆ ಎಂದು ಮರಾಠಿಯಲ್ಲಿ ಕೇಳಿದ. ಆಕೆ "ತಹಾನ್ ಲಾಗಲೀ" ಅಂದಳು. ನೀರಡಿಕೆ ಆಗಿದೆ ಎಂದು. ಅದನ್ನು ಅವರು ಟೀವಿಯಲ್ಲಿ ತೋರಿಸಲಿಲ್ಲ.

ಕೊನೆಗೆ ಹವಾಲ್ದಾರ ಒಪ್ಪಿದ. ಗುಂಡಿಯ ಸುತ್ತ ಬಟ್ಟೆ ಹಿಡಿದರು. ಒಳಗೆ ದೊಡ್ಡಪ್ಪ, ಹವಾಲ್ದಾರ, ನಾನು.

ಇಲ್ಲಿಂದ ಮುಂದೆ ನನಗೆ ನೆನಪಿರುವುದು ಇಷ್ಟು. ಮುಖ ಹಾಗೇ ಇತ್ತು, ಗಲ್ಲದ ಮೇಲೆ ಒಂದು ಗೀರು ಬಿಟ್ಟರೆ. ಎಡಗೈ ಇತ್ತು, ದೊಡ್ಡಪ್ಪ ಲಿಂಗ ಇಟ್ಟಮೇಲೆ ಬೆರಳು ಮುಚ್ಚಲಿಲ್ಲ, ದಾರದಿಂದ ಕಟ್ಟಿದ. ಸೊಂಟದಿಂದ ಕೆಳಗೆ ಬಿಳಿ ಬಟ್ಟೆ ಸುತ್ತಿ ಹೊಲಿದಿದ್ದರು. ಅದು ಇರಬೇಕಾದ ಕಡೆಗಿಂತ ಬಹಳ ಮೊದಲೇ ಮುಗಿದಿತ್ತು. ಎತ್ತಿದಾಗ ನನ್ನ ಕೈಗೆ ಭಾರವೇ ಬರಲಿಲ್ಲ. ಉಪ್ಪಿನ ಚೀಲವೊಂದನ್ನು ಕೆಳಗೆ ಹಾಕಿ ಅದರ ಮೇಲೆ ಕೂರಿಸಿದೆವು, ಒರಗಿಸಿದೆವು. ಕುತ್ತಿಗೆಯವರೆಗೆ ಉಪ್ಪು ಬಂದಮೇಲೆ ಮರೆ ಇಳಿಸಿ ತಾಯಿಗೆ, ಹೆಂಡತಿಗೆ, ಮಗಳಿಗೆ ಮುಖ ತೋರಿಸುವುದು ಎಂದು ದೊಡ್ಡಪ್ಪ ಹೇಳಿದ. ಉಪ್ಪು ಸುರಿದೆವು. ತಂದದ್ದೆಲ್ಲ ಮುಗಿಯಿತು. ಎದೆಯ ಹತ್ತಿರಕ್ಕೂ ಬರಲಿಲ್ಲ.

"ಉಪ್ಪ ಸಾಲವಲ್ದು. ಇನ್ನೂ ತರ್ರಿ," ಎಂದು ದೊಡ್ಡಪ್ಪ ಮರೆಯೊಳಗಿಂದ ಕೂಗಿದ.

ಸತ್ತವನ ಚಿಕ್ಕಪ್ಪ ಮೋಟಾರ್ ಸೈಕಲ್ ತೆಗೆದ. ಹುಡುಗಿ ಇಲ್ಲಿ ಏನನ್ನೂ ನೋಡುವುದು ಬೇಡ ಎಂದು ಆಕೆಯನ್ನೂ ಕೂರಿಸಿಕೊಂಡು ಅಂಗಡಿಗೆ ಹೋದ. ಉಪ್ಪು ಬರುವವರೆಗೆ ಊರೆಲ್ಲ ಬಿಸಿಲಲ್ಲಿ ಕಾಯಿತು. "ಅಮರ ರಹೇ" ಕೂಗುವವರ ಗಂಟಲು ಒಣಗಿ ನಿಂತುಹೋಯಿತು. ಹುಡುಗಿ ತನ್ನ ಮತ್ತು ಆ ಚಿಕ್ಕಜ್ಜನ ನಡುವೆ ಉಪ್ಪಿನ ಚೀಲ ತಬ್ಬಿ ಹಿಡಿದುಕೊಂಡು ವಾಪಸು ಬಂದಳು. ಕುತ್ತಿಗೆಯವರೆಗೆ ತುಂಬಿದೆವು. ಮರೆ ಇಳಿಯಿತು. ಆಯಿ ಮಗನ ಮುಖ ನೋಡಿದಳು, ಆತ ಕುಳಿತಿದ್ದಾನೆ ಎಂದು ನೋಡಿದಳು, ಎದ್ದು ಸೆರಗು ಜಾಡಿಸಿದಳು.

ಖಾಲಿ ಪೆಟ್ಟಿಗೆಯನ್ನು ಯಾರೂ ಒಯ್ಯಲಿಲ್ಲ. ಮರುದಿನ ಊರಿನ ಮಕ್ಕಳು ಅದರೊಳಗೆ ಸರದಿಯ ಮೇಲೆ ಮಲಗಿ ಶಹೀದನ ಆಟ ಆಡಿದರು. ಹೆಚ್ಚು ಹೊತ್ತು ಮಲಗಿದವನನ್ನು ಉಳಿದವರು ಒದ್ದು ಎಬ್ಬಿಸುತ್ತಿದ್ದರು. ಈಗ ಅದರಲ್ಲಿ ಯಾರೋ ದನದ ಹಿಂಡಿ ಇಟ್ಟಿದ್ದಾರೆ.

ಕಾರ್ಯಕ್ರಮದ ಹಿಂದಿನ ಸಂಜೆ ನಾನು ದೇವಣಿ, ವಲಾಂಡಿ ದಾಟಿ ಬಸ್ಸಿನಲ್ಲಿ ನಿಲಂಗಾಕ್ಕೆ ಬಂದೆ. ತಂಗಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಚಪ್ಪಲಿಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ಶಾಲೆಯವರು ಬೂಟು ಕೇಳಿದ್ದರು. ಬೂಟು ಮನೆಗೆ ಬಂದಿರಲಿಲ್ಲ. ಅದಕ್ಕೆ ಚಪ್ಪಲಿ.

"ಮಾಮಾ, ನಮ್ಮ ಕ್ಲಾಸಿನಾಗ ಒಬ್ಬಂವ ಅಂತಾನ, ನಿಮ್ಮಪ್ಪ ಅರ್ಧಾನೇ ಬಂದಾನಂತ. ಅವರ ಕಾಕಾ ಮಿಲಿಟ್ರಿಯಾಗ ಇದ್ದಾನಂತ. ಪೂರಾ ಬಂದ್ರ ಡಬ್ಬಿ ಬಂದ್ ಮಾಡಂಗಿಲ್ಲಂತ."

"ಅಂವಗ ಏನ್ ಗೊತ್ತು," ಅಂದಳು ತಂಗಿ ಒಲೆಯ ಕಡೆಯಿಂದ.

"ಆಯಿ ಅಂತಾಳ, ಕಾಲ ಮಡಚಿ ಕುಂತಾನ. ಬಾಯಿ ಅಂತಾರ, ಅಮರ ಆಗ್ಯಾನ." ಬಾಯಿ ಎಂದರೆ ಆಕೆಯ ಟೀಚರು. "ನೀ ಅಂತಿ, ದೇವರ ಕಡೆ ಹೋಗ್ಯಾನ. ಒಬ್ಬಂವ ಎಷ್ಟು ಕಡೆ ಇರ್ತಾನ?"

"ರೊಟ್ಟಿ ಆರ್ಲತ್ತಾವ. ಉಣ್ಣು."

ಹುಡುಗಿ ನನ್ನ ಕಡೆ ನೋಡಿದಳು. ನಾನು ಉಣ್ಣಲು ಕುಳಿತೆ. ಆಕೆ ನನ್ನನ್ನು ನೇರವಾಗಿ ಏನೂ ಕೇಳಿರಲಿಲ್ಲ.

ಶಾಲೆಯ ಹಾಲಿನಲ್ಲಿ ಮೇಜಿಗೆ ಕೇಸರಿ, ಬಿಳಿ, ಹಸಿರು ಬಟ್ಟೆ ಹೊದಿಸಿ, ಮೇಲೆ ಆತನ ಫೋಟೋ, ಪದಕ, ಚಪ್ಪಲಿ ಇಟ್ಟಿದ್ದರು. ಮಕ್ಕಳು ಸಾಲಾಗಿ ಬಂದು ಒಂದೊಂದು ಚೆಂಡುಹೂ ಹಾಕಿದರು. ಗಿಡ್ಡ ಹುಡುಗನೊಬ್ಬ ಚಪ್ಪಲಿಯೊಳಗೆ ತನ್ನ ಕೈ ತೂರಿಸಿ ಮೇಜಿನ ಮೇಲೆ ನಡೆದಾಡಿಸಿದ. ತಂಗಿಯ ಮಗಳು ಸಾಲಿನಿಂದ ಹೊರಬಂದು ಅವನ ಬೆನ್ನಿಗೆ ಗುದ್ದಿದಳು. ಟೀಚರು ಆಕೆಯ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ವೀರಾಚೀ ಮುಲಗೀ ನಾ ತೂ? ಅಸಂ ಕರತಾತ್ ಕಾ?" ವೀರನ ಮಗಳಲ್ಲವೇ, ಹೀಗೆ ಮಾಡುತ್ತಾರೆಯೇ ಎಂದು. ಆಮೇಲೆ ಆಕೆಯನ್ನು ಮೇಜಿನ ಪಕ್ಕದಲ್ಲಿ ನಿಲ್ಲಿಸಿ ಸೆಲ್ಯೂಟು ಮಾಡಿಸಿದರು. ನಾನು ಮಾತು ಮುಗಿಸುವವರೆಗೆ ಕೈ ಇಳಿಸಬಾರದು ಎಂದು ಹೇಳಿದ್ದರೆಂದು ನನಗೆ ಆಮೇಲೆ ತಿಳಿಯಿತು.

ನಾನು ಮರಾಠಿಯಲ್ಲಿ ಮಾತಾಡಿದೆ. ಯುದ್ಧ ಎಂದರೆ ಏನು, ಯಾರು ಯಾರನ್ನು ಕಳಿಸುತ್ತಾರೆ, ಹೋದವರ ಮನೆಯಲ್ಲಿ ಏನಾಗುತ್ತದೆ. ಹಿಂದಿನ ಸಾಲುಗಳಲ್ಲಿ ಮಕ್ಕಳು ಒಬ್ಬರ ಶೂ ಲೇಸು ಇನ್ನೊಬ್ಬರಿಗೆ ಕಟ್ಟುತ್ತಿದ್ದರು. ನನ್ನ ಮಾತು ನನಗೇ ಬೇಸರ ತರಿಸಿತು. ನಿಲ್ಲಿಸಿ, ನೀವೇ ಕೇಳಿ ಎಂದೆ.

ಕೈಗಳು ಎದ್ದವು. ಅವರು ಎಷ್ಟು ಜನ ಶತ್ರುಗಳನ್ನು ಕೊಂದರು? ಶೆಲ್ಲು ಬಿದ್ದಾಗ ಸದ್ದು ಎಷ್ಟಿರುತ್ತದೆ? ರಕ್ತ ಹಿಮದ ಮೇಲೆ ಬಿದ್ದರೆ ಹೆಪ್ಪುಗಟ್ಟುತ್ತದೆಯೇ? ನಾವು ಯಾವಾಗ ಅವರ ಮೇಲೆ ದೊಡ್ಡ ಬಾಂಬು ಹಾಕುತ್ತೇವೆ? ಪ್ರತಿ ಪ್ರಶ್ನೆಗೂ ಹೆಡ್‌ಮಾಸ್ತರರು ಶಾಭಾಸ್ ಅಂದರು.

ಆಗ ಹುಡುಗಿ ಸೆಲ್ಯೂಟಿನ ಕೈ ಇಳಿಸಿ ಕನ್ನಡದಲ್ಲಿ ಕೇಳಿದಳು.

"ಮಾಮಾ, ನೀ ಒಳಗ ಇದ್ದಿ. ಅಪ್ಪನ ಕಾಲ ಇದ್ದುವೇನು?"

ಮರಾಠಿ ಶಾಲೆ ಅದು. ಹಾಲಿನಲ್ಲಿ ಆ ಮಾತು ತಿಳಿದವರು ಮುಂದಿನ ಸಾಲಿನ ತಂಗಿ, ನಾನು, ಬೀದರ ಕಡೆಯಿಂದ ಬಂದು ಪಾತ್ರೆ ಅಂಗಡಿ ಇಟ್ಟವರ ಇಬ್ಬರು ಹೆಣ್ಣುಮಕ್ಕಳು. ತಂಗಿ ತಲೆ ಎತ್ತಲಿಲ್ಲ. ನಾನು ಸುಳ್ಳು ಹುಡುಕಲಿಲ್ಲ. ಹುಡುಕಿದ್ದರೂ ಅಷ್ಟು ಬೇಗ ಸಿಗುತ್ತಿರಲಿಲ್ಲ.

"ಇರಲಿಲ್ಲವ್ವಾ. ಉಪ್ಪಿನ ಚೀಲದ ಮ್ಯಾಲ ಕೂಡಿಸೀವಿ."

"ಎರಡೂ?"

"ಎರಡೂ."

"ಕಾಯ್ ಮ್ಹಣಾಲೀ ತೀ?" ಎಂದು ಹೆಡ್‌ಮಾಸ್ತರರು ಬಗ್ಗಿ ಕೇಳಿದರು, ಏನಂದಳು ಎಂದು. ನಾನು ತಂದೆಯ ಬಗ್ಗೆ ಕೇಳಿದಳು ಎಂದೆ. ಅವರ ಕಣ್ಣು ತುಂಬಿಬಂತು. ಮಕ್ಕಳ ಕಡೆ ತಿರುಗಿ ಎರಡೂ ಕೈ ಎತ್ತಿದರು. "ವೀರಕನ್ಯೇಸಾಠೀ ಜೋರದಾರ ಟಾಳ್ಯಾ!"

ಇಡೀ ಸಭೆ ಚಪ್ಪಾಳೆ ಹೊಡೆಯಿತು. ಹಿಂದಿನವರು ಬೆಂಚು ಕೂಡ ಬಡಿದರು. ಪಾತ್ರೆ ಅಂಗಡಿಯವರ ಹುಡುಗಿಯರು ಮಾತ್ರ ಹೊಡೆಯಲಿಲ್ಲ. ಅವರಲ್ಲಿ ದಪ್ಪಗಿದ್ದವಳು ತನ್ನ ಎರಡು ಮೊಳಕಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಕುಳಿತಿದ್ದಳು. ಅಂದು ಆ ಶಾಲೆಯಲ್ಲಿ ಯುದ್ಧದ ಬೆಲೆ ಯಾರಿಗಾದರೂ ತಿಳಿದಿದ್ದರೆ ಅದು ಆಕೆಗೆ. ಆಕೆ ಮಾಡಿದ ತಪ್ಪಾದರೂ ಏನು, ಮನೆಯಲ್ಲಿ ಕನ್ನಡ ಆಡುತ್ತಾಳೆ ಅಷ್ಟೆ.

ಆಟೋದಲ್ಲಿ ಹುಡುಗಿ ತೊಡೆಯ ಮೇಲೆ ಚಪ್ಪಲಿ ಇಟ್ಟುಕೊಂಡಿದ್ದಳು. ಅಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಮತ್ತ ಚಪ್ಪಲ ಯಾಕ ತರಿಸಿದ್ರಿ?" ಅಂದಳು. ಶಾಲೆಗೋ, ಅಂದು ಗುಂಡಿಗೋ, ಯಾವುದನ್ನು ಕೇಳಿದಳೋ.

ಮನೆ ಸೇರಿದ ಮೇಲೆ ತಂಗಿ ಬಾಗಿಲಲ್ಲೇ ನಿಂತು ಮಾತಾಡಿದಳು.

"ಅಣ್ಣಾ, ಇಷ್ಟು ವರ್ಷ ನಾ ನಿನಗ ಒಂದ್ಸಲರೆ ಕೇಳೀನೇನು, ಒಳಗ ಏನ್ ನೋಡ್ದಿ ಅಂತ?"

"ಇಲ್ಲ."

"ಯಾಕ ಕೇಳಿಲ್ಲ ಅಂತ ವಿಚಾರ ಮಾಡಿದ್ದೇನು? ಇಷ್ಟು ಓದೀದಿ, ಇಷ್ಟು ತಿಳೀಲಿಲ್ಲ? ನಾ ಕುಂತಾಂವನ ಜೋಡಿ ಸಂಸಾರ ಮಾಡ್ಲತ್ತಿದ್ದೆ. ಇವತ್ತ ರಾತ್ರಿಯಿಂದ ಏನ್ ಕನಸು ಬೀಳ್ತದೋ ಅದನ್ನ ನೀ ನೋಡು."

ಅವತ್ತೇ ಹುಡುಗಿ ಫೋನಿನಲ್ಲಿ ಆಯಿಗೆ ಹೇಳಿಬಿಟ್ಟಿದ್ದಳು. ಮರುದಿನವೇ ಆಯಿಯಿಂದ ಕರೆ ಬಂತು. ಬರುವ ಭಾನುವಾರ ಎಲ್ಲರೂ ಬರಬೇಕು, ಜಳಕೋಟದಿಂದ ಬೀಗರೂ ಬರಬೇಕು. ಬೀಗರು ಎಂದರೆ ನಮ್ಮ ದೊಡ್ಡಪ್ಪ.

ಆಯಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ನನಗೆ ನೀರು ಕೊಡಬೇಕೆಂದು ಎದ್ದ ಸೊಸೆಗೆ "ಕುಂದ್ರು" ಅಂದಳು.

"ಏನಪಾ ಮಾಸ್ತರ. ಕಾಲೇಜಿನಾಗ ನೀ ಕಲಿಸೋದು ಇದೇ ಏನು, ಸತ್ತವರ ಕಾಲ ಕಡಿಯೋದು?"

"ಅತ್ತೀ, ಹುಡುಗಿ ಕೇಳಿದಳು."

"ಹುಡುಗಿ ಆಕಾಶದಾಗಿನ ಚಂದಪ್ಪನ್ನ ಕೇಳ್ತಾಳ. ಕೊಡ್ತಿಯೇನು? ನಾ ದಿನಾ ಮುಂಜಾನೆ ಹೋಗಿ ನೀರ ಹಾಕ್ತೀನಿ. ಎಪ್ಪಾ, ಕಾಲ ಹಿಡದಾವೇನೋ ಕುಂತು ಕುಂತು ಅಂತ ಕೇಳ್ತೀನಿ. ಇನ್ನ ಏನಂತ ಕೇಳ್ಲಿ?"

ಆಯಿ ದೊಡ್ಡಪ್ಪನ ಕಡೆ ತಿರುಗಿದಳು. "ಬೀಗರ, ನೀವು ಹೇಳ್ರಿ. ಲಿಂಗ ಮುಟ್ಟಿ ಹೇಳ್ರಿ."

ದೊಡ್ಡಪ್ಪ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡ. ಕಣ್ಣು ಮಿಟುಕಿಸಲಿಲ್ಲ. "ಕಾಲ ಇದ್ದುವರೀ. ನನ್ನ ಕೈಲೆ ಮಡಚೀನಿ. ಬಲಗಾಲ ಮ್ಯಾಲ."

ಬಲಗಾಲು ಮೇಲೆ. ಆತ ಅಷ್ಟು ನಿಖರವಾಗಿ ಹೇಳಿದ್ದೇ ನನ್ನನ್ನು ಅಲುಗಿಸಿತು. ತಾಯಿಗಾಗಿ ಲಿಂಗ ಹಿಡಿದು ಸುಳ್ಳು ಹೇಳಿದನೇ? ಸಾವಿರಾರು ಕಾಲು ಮಡಚಿದ ಕೈ ಅದು, ಬೇರೆ ಯಾರದೋ ಬಲಗಾಲು ಆತನ ನೆನಪಿಗೆ ಬಂದಿತೇ? ಇಲ್ಲ, ನಾನೇ ಆ ಬಿಳಿ ಬಟ್ಟೆಯ ಕಡೆ ನೋಡಲಾರದೆ ಮುಖ ತಿರುಗಿಸಿ, ಆಮೇಲೆ ಹೆದರಿಕೆಯನ್ನೇ ಕಣ್ಣಾರೆ ಕಂಡದ್ದೆಂದು ಇಟ್ಟುಕೊಂಡೆನೇ? ಮರೆಯ ಬಟ್ಟೆಯನ್ನು ಹಸಿರು ಮಾಡಿದ ತಲೆ ಕಾಲುಗಳನ್ನೂ ಅಳಿಸಿರಬಹುದು. ಹವಾಲ್ದಾರ ಎಲ್ಲಿದ್ದಾನೋ ಗೊತ್ತಿಲ್ಲ. ಉಪ್ಪಿನ ಚೀಲ ನೆನಪಿದೆ ಎಂದರೆ, ಉಪ್ಪಿನ ಚೀಲ ಎಲ್ಲ ಸಮಾಧಿಯಲ್ಲೂ ಇರುತ್ತದೆ.

"ನನಗ ನೆನಪಿದ್ದಿದ್ದು ಹೇಳೀನಿ, ಅತ್ತೀ," ಎಂದೆ. "ತಪ್ಪೂ ಇರಬಹುದು."

ಹುಡುಗಿ ನನ್ನನ್ನು ನೋಡಿದಳು. ತನಗೆ ನಿಜ ಹೇಳಿದ್ದ ಒಬ್ಬನೂ ಈಗ ಉಳಿದವರ ಸಾಲಿಗೆ ಸೇರಿದ ಎಂಬ ಹಾಗೆ.

"ನೋಡು," ಅಂದಳು ಆಯಿ ಮೊಮ್ಮಗಳಿಗೆ. "ಕೇಳ್ದಿಲ್ಲೋ? ಓದಿದವರ ಮಾತು ಹಿಂಗೇ ಇರ್ತದ. ಇನ್ನ ಮ್ಯಾಲ ಈ ಮಾತ ಬಾಯಾಗ ಬಂದ್ರ ಬಾಯಿ ಸುಡ್ತೀನಿ."

"ಮತ್ತ ಉಪ್ಪ ಯಾಕ ಸಾಲಲಿಲ್ಲ?" ಅಂದಳು ಹುಡುಗಿ.

ಪಡಸಾಲೆಯಲ್ಲಿ ಯಾರಿಗೂ ಮೊದಲು ತಿಳಿಯಲಿಲ್ಲ.

"ಯಾವ ಉಪ್ಪು?" ಅಂದಳು ಆಯಿ.

"ಅವತ್ತ. ನಾ ಅಜ್ಜನ ಜೋಡಿ ಗಾಡಿ ಮ್ಯಾಲ ಹೋಗಿ ಉಪ್ಪ ತಂದೆನಲ್ಲ. ಈ ಮುತ್ಯಾ ಅಪ್ಪನ ಚಪ್ಪಲಲೇ ಅಳದಾನ. ಅಪ್ಪನ ಅಳತಿಗೇ ಉಪ್ಪ ತರಿಸ್ಯಾನ. ಅಪ್ಪ ಪೂರಾ ಇದ್ರ ಉಪ್ಪ ಸಾಲಬೇಕು. ಸಾಲಲಿಲ್ಲ." ದೊಡ್ಡಪ್ಪನ ಕಡೆ ತಿರುಗಿದಳು. "ಅಪ್ಪನ ಕಾಲ ಇರೋ ಜಾಗಾದಾಗ ಏನು ಹೋತು? ಉಪ್ಪ ಹೋತು."

ದೊಡ್ಡಪ್ಪನ ಕೈ ಕರಡಿಗೆಯ ಮೇಲೇ ಇತ್ತು. ಆತ ಉಪ್ಪಿನ ಅಂದಾಜಿನಲ್ಲಿ ತಪ್ಪಿದವನಲ್ಲ. ತಪ್ಪಿದೆ ಎಂದು ಈಗ ಒಪ್ಪಿದರೆ ಸಾಕಿತ್ತು, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಲಿಂಗ ಹಿಡಿದು ಕಾಲು ಇದ್ದವು ಅಂದವನ ಬಾಯಿಯಿಂದ ಅದೊಂದು ಮಾತು ಹೊರಡಲಿಲ್ಲ.

"ಅಂಗಡ್ಯಾಂವ ತೂಕದಾಗ ಹೊಡದಿರಬೇಕು," ಅಂದ.

ಮುಳುಗುವವಳು ಹಗ್ಗ ಹಿಡಿದ ಹಾಗೆ ಆಯಿ ಆ ಮಾತು ಹಿಡಿದಳು. "ಹೊಡದಾನ ಮತ್ತ! ಅಂವಾ ಇವತ್ತಿನಾಂವಲ್ಲ, ಅವರಪ್ಪನೂ ಹಂಗೇ ಇದ್ದ. ಬೆಲ್ಲದಾಗ ಕಲ್ಲ ತೂಗಾಂವ. ಸತ್ತವರ ಉಪ್ಪಿನಾಗ ಕೈ ಹಾಕ್ಯಾನ, ಅಂವನ ಕೈಗಿ ಹುಳ ಬೀಳ."

ಮೋಟಾರ್ ಸೈಕಲ್ಲಿನ ಚಿಕ್ಕಪ್ಪ, ಹೌದು, ಅವತ್ತು ತಕ್ಕಡಿ ಸ್ವಲ್ಪ ವಾಲಿದಂತೆ ತನಗೂ ಕಂಡಿತ್ತು ಅಂದ. ತಂಗಿ ಕೂಡ ಅಂದಳು, ಆ ಅಂಗಡಿಯ ಬೇಳೆ ಯಾವಾಗಲೂ ಕಡಿಮೆ ಇರುತ್ತದೆ ಎಂದು. ನೋಡನೋಡುತ್ತ ಇಡೀ ಮನೆ ಒಂದಾಯಿತು. ಅಷ್ಟು ದಿನಗಳ ಮೇಲೆ ತಂಗಿ ಅತ್ತೆಯ ಪಕ್ಕದಲ್ಲಿ ಕುಳಿತು, ಇಬ್ಬರೂ ಒಂದೇ ದನಿಯಲ್ಲಿ ಆ ಅಂಗಡಿಯವನ ಮನೆತನವನ್ನು ಬೈದರು. ಚಹಾ ಆಯಿತು. ನನಗೂ ಕೊಟ್ಟರು. ಇನ್ನು ಮೇಲೆ ಈ ಮನೆಗೆ ಆ ಅಂಗಡಿಯ ಸಾಮಾನು ಬರಬಾರದು, ಬಸ್ ನಿಲ್ದಾಣದ ಕಡೆಯ ಅಂಗಡಿಯಿಂದಲೇ ತರಬೇಕು ಎಂದು ಆಯಿ ತೀರ್ಪು ಕೊಟ್ಟಳು. ಇಂದಿಗೂ ಅಲ್ಲಿಂದಲೇ ತರುತ್ತಾರೆ.

ಚಹಾ ಕುಡಿದು ಹೊರಗೆ ಬಂದಾಗ ಹುಡುಗಿ ನನ್ನ ಅಂಗಿ ಜಗ್ಗಿದಳು.

"ಮಾಮಾ, ಅಂಗಡಿಗಿ ಬಾ."

ಬೈಸಿಕೊಂಡ ಅಂಗಡಿ ಹನುಮಂತ ದೇವರ ಗುಡಿಯ ಹಿಂದೆ ಇತ್ತು. ಹುಡುಗಿ ಒಂದು ಕಿಲೋ ಹರಳುಪ್ಪು ಕೇಳಿದಳು. ಅಂಗಡಿಯವನಿಗೆ ತನ್ನ ಕೈಗೆ ಹುಳ ಬಿದ್ದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆತ ಚೀಲದಿಂದ ಮೊಗೆದು, ತೂಗಿ, ಕಾಗದದಲ್ಲಿ ಕಟ್ಟಿಕೊಟ್ಟ. "ಆಯಿ ಆರಾಮ ಇದ್ದಾಳೇನವ್ವಾ?" ಎಂದು ಕೇಳಿದ. ಇದ್ದಾಳೆ ಎಂದಳು.

ಪೊಟ್ಟಣ ಬಿಚ್ಚದೆ ಬಸ್ ನಿಲ್ದಾಣದವರೆಗೆ ನಡೆದಳು. ಬಿಸಿಲು ಏರಿತ್ತು. ಅಲ್ಲಿಯ ಅಂಗಡಿಯವನ ಮುಂದೆ ಪೊಟ್ಟಣ ಇಟ್ಟು, ತೂಗಿ ಕೊಡ್ರಿ ಅಂದಳು.

"ಯಾರ ಮ್ಯಾಲ ಸಂಶಯ ಬಂದಾದವ್ವಾ ನಿನಗ?" ಎಂದು ಆತ ನಕ್ಕ. ಇನ್ನೊಂದು ಅಂಗಡಿಯವನ ಮೋಸ ಸಿಕ್ಕರೆ ಆತನಿಗೂ ಬೇಡವಾಗಿರಲಿಲ್ಲ. ಪೊಟ್ಟಣವನ್ನು ತಕ್ಕಡಿಯಲ್ಲಿಟ್ಟ. ತಟ್ಟೆ ಅಲುಗಾಡಿ ನಿಂತಿತು. ಆತನ ಮುಖ ಸಣ್ಣದಾಯಿತು. "ಬರೋಬ್ಬರ್ ಅದ. ನಾಲ್ಕು ಹರಳು ಜಾಸ್ತೀನೇ ಅದ."

ಇವತ್ತಿನ ತೂಕ ಸರಿ ಇದ್ದ ಮಾತ್ರಕ್ಕೆ ಅಂದಿನ ತೂಕವೂ ಸರಿ ಇತ್ತು ಎಂದಾಗುವುದಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಅದನ್ನು ಆಕೆಗೆ ಹೇಳಬೇಕೆಂದು ಬಾಯಿ ತೆರೆದೆ. ಹುಡುಗಿ ಪೊಟ್ಟಣ ಎತ್ತಿಕೊಂಡು ಆಗಲೇ ನಡೆಯುತ್ತಿದ್ದಳು.

"ನಿಂದು ತಪ್ಪಿಲ್ಲ, ಮಾಮಾ," ಅಂದಳು, ಹಿಂದೆ ತಿರುಗದೆ.

ಮನೆಯ ಹಿತ್ತಲಿಗೆ ಬಂದು, ಯಾರೂ ನೋಡದಂತೆ ಪೊಟ್ಟಣ ಬಿಚ್ಚಿ, ಉಪ್ಪನ್ನೆಲ್ಲ ಎಮ್ಮೆಯ ಮುಂದೆ ಸುರಿದಳು. ಎಮ್ಮೆ ನೆಕ್ಕತೊಡಗಿತು. ಒಳಗೆ ಆಯಿ ಇನ್ನೂ ಅಂಗಡಿಯವನನ್ನು ಬೈಯುತ್ತಿದ್ದಳು, ನಡುನಡುವೆ ನಗುತ್ತಲೂ ಇದ್ದಳು.